ಗಂಡಭೇರುಂಡದ ಜಾತಕ

ಗಂಡಭೇರುಂಡವೆಂಬ ಪಕ್ಷಿ ನಿಜವಾಗಿಯೂ ಇದ್ದಿತೇ ಎಂದು ತರಗತಿಯಲ್ಲಿ ಮಕ್ಕಳು ಕೇಳುವುದುಂಟು. ಇರಲಿಲ್ಲವೆಂಬ ಉತ್ತರ ಸತ್ಯವೇ. ಆದರೆ ಅಲ್ಲಿಗೇ ಪಾಠ ಮುಗಿಯದು. ಎರಡು ತಲೆಯ ಮರಿಗಳು ಪಕ್ಷಿಗಳಲ್ಲಿ ಅಪೂರ್ವವಾಗಿ ಹುಟ್ಟುತ್ತವೆ, ಆದರೆ ಬಹುಕಾಲ ಬದುಕಲಾರವು. ಅಂಥ ಪಕ್ಷಿಜಾತಿಯೊಂದು ಎಲ್ಲಿಯೂ ಇಲ್ಲ. ಕಾಡಿನಲ್ಲಿ ಕಾಣದ ಈ ಹಕ್ಕಿಯ ನೆಲೆಯನ್ನು ಕಲ್ಲಿನಲ್ಲಿ, ಚಿನ್ನದಲ್ಲಿ, ಕಥೆಯಲ್ಲಿ ಅರಸಬೇಕು.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರಲ್ಲಿ ಸ್ಥಾಪಿತವಾದ ಕಂಬವೊಂದಿದೆ. ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ ಬನವಾಸಿಯನ್ನಾಳುತ್ತಿದ್ದ ಚಾಮುಂಡರಾಯರಸನು ಅದನ್ನು ನಿಲ್ಲಿಸಿದನು. ಅದರ ಮೇಲಿರುವ ಭೇರುಂಡನಿಗೆ ಮನುಷ್ಯನ ದೇಹ, ಹಕ್ಕಿಯ ಎರಡು ತಲೆ. ಆ ಸೀಮೆಯ ಶಾಸನಗಳಲ್ಲಿ ಭೂಮಿಯನ್ನಳೆಯುವ ‘ಭೇರುಂಡ ಗಳೆ’ಯ ಹೆಸರೂ ಬರುತ್ತದೆ.

ಇನ್ನು ಇದರ ಆಹಾರ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪವೊಂದರಲ್ಲಿ ಜಿಂಕೆಯನ್ನು ಹೆಬ್ಬಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ ಹಿಡಿದಿವೆ. ಆ ಶರಭವನ್ನು ಹಿಡಿದಿರುವುದೇ ಗಂಡಭೇರುಂಡ. ಬಲಕ್ಕಿಂತ ಮಿಗಿಲಾದ ಬಲವುಂಟೆಂಬುದು ಶಿಲ್ಪಿಯ ಭಾವ. ವಿಜಯನಗರದ ಅಚ್ಯುತರಾಯನ (1529–1542) ಚಿನ್ನದ ನಾಣ್ಯಗಳಲ್ಲಿ ಇದೇ ಹಕ್ಕಿ ಕೊಕ್ಕು ಉಗುರುಗಳಲ್ಲಿ ಆನೆಗಳನ್ನೇ ಕಚ್ಚಿಹಿಡಿದಿದೆ. ಮುಂದೆ ಮೈಸೂರು ಅರಸರ ಲಾಂಛನವಾಗಿ, ಈಗ ಕರ್ನಾಟಕ ರಾಜ್ಯದ ಲಾಂಛನದಲ್ಲಿಯೂ ಅದು ರೆಕ್ಕೆ ಬಿಚ್ಚಿ ನಿಂತಿದೆ.

ಹಾಗೆಂದು ಇದು ನಮಗೊಬ್ಬರಿಗೇ ಮೀಸಲಾದ ಕಲ್ಪನೆಯಲ್ಲ. ತಕ್ಷಶಿಲೆಯ ಸಿರ್ಕಪ್ ಎಂಬಲ್ಲಿನ ಸ್ತೂಪಪೀಠದ ಮೇಲೆ ಎರಡು ತಲೆಯ ಹದ್ದು ಇದೆ. ಅದಕ್ಕೂ ಸಾವಿರ ವರ್ಷಗಳಿಗೆ ಹಿಂದೆ ಅನಟೋಲಿಯದ ಹಿಟ್ಟೈಟರು ಅಂಥದನ್ನು ಬಂಡೆಯಲ್ಲಿ ಕಡೆದಿದ್ದರು. ಆದರೆ ಒಂದರಿಂದ ಇನ್ನೊಂದು ಹುಟ್ಟಿತೆನ್ನಲು ಹೋಲಿಕೆಯೊಂದೇ ಸಾಕ್ಷಿಯಾಗಲಾರದು. ಚರಿತ್ರೆಯನ್ನೋದುವ ವಿದ್ಯಾರ್ಥಿ ಈ ಎಚ್ಚರವನ್ನು ಕಲಿಯಬೇಕು.

ಪಂಚತಂತ್ರದಲ್ಲಿಯೂ ಒಂದು ಭಾರುಂಡ ಪಕ್ಷಿಯಿದೆ. ಅದಕ್ಕೆ ಹೊಟ್ಟೆ ಒಂದು, ಕೊರಳು ಎರಡು. ಒಂದು ತಲೆ ತನಗೆ ದೊರೆತ ಅಮೃತಸಮಾನವಾದ ಫಲವನ್ನು ಇನ್ನೊಂದಕ್ಕೆ ಕೊಡಲಿಲ್ಲ. ಮುನಿದ ಎರಡನೆಯ ತಲೆ ವಿಷದ ಹಣ್ಣನ್ನು ನುಂಗಿತು, ಹಕ್ಕಿಯೇ ಸತ್ತಿತು.

ಕಂಬವೂ ನಾಣ್ಯವೂ ಈ ಹಕ್ಕಿಯ ಪರಾಕ್ರಮವನ್ನು ಸಾರುತ್ತವೆ. ಕಥೆ ಅದರ ಅಪಾಯವನ್ನು ತಿಳಿಸುತ್ತದೆ. ಮನೆಯಲ್ಲೊಂದು ನುಡಿ, ಪೇಟೆಯಲ್ಲೊಂದು ನುಡಿಯಾಡುವ ಗಡಿನಾಡಿನ ಮಕ್ಕಳಿಗೆ ಇವೆರಡನ್ನೂ ಹೇಳಬೇಕು. ಲಾಂಛನವನ್ನು ಕಂಡು ಹೆಮ್ಮೆಪಡುವುದು ಸಹಜ. ಕೊರಳು ಎರಡಾದರೂ ಹೊಟ್ಟೆ ಒಂದೇ ಎಂಬುದನ್ನು ಮಾತ್ರ ಮರೆಯಬಾರದು.