ಪಿಕಪ್ ವಾಹನದ ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸಬಹುದೇ?

ಬದಲಿಸಬಹುದು. ಸ್ಪ್ಯಾನರ್ ಹಿಡಿದು ರೂಢಿಯಿರುವವರಿಗೆ ಇದು ಒಂದು ಬೆಳಗಿನ ಕೆಲಸ. ಅಪಾಯದ ಕ್ಷಣ ಬರುವುದು ಎಲ್ಲವನ್ನೂ ಜೋಡಿಸಿ ಮುಗಿಸಿ, ಮೊದಲ ಸಲ ಪೆಡಲ್ ಒತ್ತುವಾಗ. ಯಾಕೆ ಎಂದು ತಿಳಿಯಲು ಬ್ರೇಕಿನ ಒಳಗೆ ಸ್ವಲ್ಪ ಇಣುಕಬೇಕು.

ಬೊಲೆರೊ ಪಿಕಪ್‌ನಂಥ ವಾಹನಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್ ಬ್ರೇಕ್ ಇರುತ್ತದೆ. ಡ್ರಮ್ಮಿನೊಳಗೆ ಇರುವುದು ಪ್ಯಾಡ್ ಅಲ್ಲ, ಶೂ. ಅದರ ಸ್ಪ್ರಿಂಗುಗಳ ಗೊಡವೆ ಗ್ಯಾರೇಜಿಗೇ ಇರಲಿ. ಡಿಸ್ಕ್ ಬ್ರೇಕಿನಲ್ಲಿ ಎರಡು ಪ್ಯಾಡುಗಳು ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕುತ್ತವೆ. ಸರಕು ಸೇರಿ 2,500 ಕಿಲೋ ತೂಗುವ ಗಾಡಿ ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲುವಾಗ ಹುಟ್ಟುವ ಶಾಖ ಸುಮಾರು ಮೂರೂವರೆ ಲಕ್ಷ ಜೌಲ್. ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಪ್ರತಿ ಸಲವೂ ಪ್ಯಾಡ್ ಸ್ವಲ್ಪ ಸವೆಯುತ್ತದೆ.

ಪ್ಯಾಡನ್ನು ತಳ್ಳುವುದು ಕ್ಯಾಲಿಪರಿನೊಳಗಿನ ಪಿಸ್ಟನ್. ಪೆಡಲ್ ಬಿಟ್ಟಾಗ ಅದು ಕೂದಲೆಳೆಯಷ್ಟೇ ಹಿಂದೆ ಸರಿಯುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ಇನ್ನಷ್ಟು ಹೊರಗೆ ನಿಲ್ಲುತ್ತದೆ, ಅದರ ಹಿಂದಿನ ಜಾಗವನ್ನು ಬ್ರೇಕ್ ಆಯಿಲ್ ತುಂಬುತ್ತದೆ. ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಆಯಿಲ್ ಮಟ್ಟ ನಿಧಾನವಾಗಿ ಇಳಿಯುವುದು ಇದರಿಂದಲೇ. ‘ಕಡಿಮೆಯಾಗಿದೆ, ಸ್ವಲ್ಪ ಹಾಕಿಬಿಡಿ’ ಎನ್ನುವುದು ನಮ್ಮಲ್ಲಿ ಸಾಮಾನ್ಯ ಸಲಹೆ. ಮೊದಲು ಪ್ಯಾಡ್ ನೋಡುವುದು ಸರಿಯಾದ ಕ್ರಮ. ಉಜ್ಜುವ ಪದರ ಸುಮಾರು 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸುವ ಹೊತ್ತಾಗಿದೆ. ಪ್ಯಾಡ್ ದಪ್ಪವಾಗಿದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ.

ಈಗ ಕೆಲಸ. ಗಾಡಿಯನ್ನು ಗಟ್ಟಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸಡಿಲಿಸಿ. ಜಾಕ್ ಎತ್ತುವುದಕ್ಕೆ ಮಾತ್ರ; ಎತ್ತಿದ ಮೇಲೆ ಚಾಸಿಯ ಕೆಳಗೆ ಸ್ಟ್ಯಾಂಡ್ ಇಡಲೇಬೇಕು. ಇಟ್ಟಿಗೆ ಸ್ಟ್ಯಾಂಡ್ ಆಗುವುದಿಲ್ಲ, ಭಾರಕ್ಕೆ ಒಮ್ಮೆಲೇ ಒಡೆಯುತ್ತದೆ. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಪೈಪಿನಿಂದ ನೇತಾಡಲು ಬಿಡದೆ ತಂತಿಯಿಂದ ಕಟ್ಟಿ. ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬೇಡಿ, ಹಳೆಯ ಪ್ಯಾಡುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಸ್ ಇರಬಹುದು. ಒದ್ದೆ ಬಟ್ಟೆ ಸಾಕು. ಡಿಸ್ಕನ್ನು ಡೀಸೆಲ್‌ನಿಂದ ಒರೆಸುವ ಅಭ್ಯಾಸವಂತೂ ಕೆಟ್ಟದ್ದು: ಉಳಿಯುವ ಜಿಡ್ಡನ್ನು ಹೊಸ ಪ್ಯಾಡ್ ಹೀರಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ.

ಹೊಸ ಪ್ಯಾಡ್ ದಪ್ಪ, ಹಾಗಾಗಿ ಪಿಸ್ಟನ್ನನ್ನು ಪೂರ್ತಿ ಒಳಗೆ ತಳ್ಳಬೇಕು. ಹಳೆಯ ಪ್ಯಾಡನ್ನು ಅದರ ಮೇಲಿಟ್ಟು ಸಿ-ಕ್ಲಾಂಪಿನಿಂದ ನಿಧಾನವಾಗಿ ಬಿಗಿಯಿರಿ. ಆಗ ಅಷ್ಟೂ ಆಯಿಲ್ ಡಬ್ಬಿಗೆ ಮರಳುತ್ತದೆ. ನಡುವೆ ಯಾರೋ ‘ಸ್ವಲ್ಪ ಹಾಕಿದ್ದರೆ’ ಅದು ಉಕ್ಕಿ ಚೆಲ್ಲಿ ಬಣ್ಣ ಕಿತ್ತುಬರುತ್ತದೆ. ಮೊದಲೇ ಸಿರಿಂಜಿನಿಂದ ಒಂದಿಷ್ಟು ತೆಗೆದಿಡಿ. ಮತ್ತೆ ಹಾಕಬೇಕಾದರೆ ಹೊಸ ಸೀಸೆಯದನ್ನೇ ಹಾಕಿ, ಯಾಕೆಂದರೆ ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್‌ಗೆ ನಿಗದಿಯಾದ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್, ತೇವ ಸೇರಿದಾಗ 140. ಘಟ್ಟ ಇಳಿಯುವ ಗಾಡಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಎರಡೂ ಕಡೆಯ ಪ್ಯಾಡುಗಳನ್ನು ಒಟ್ಟಿಗೇ ಬದಲಿಸಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಚಕ್ರಗಳನ್ನು ಹಾಕಿ ಗಾಡಿ ಇಳಿಸಿದ ಮೇಲೆ, ಎಂಜಿನ್ ಚಾಲೂ ಮಾಡುವ ಮೊದಲೇ ಪೆಡಲನ್ನು ಮತ್ತೆ ಮತ್ತೆ ಒತ್ತಿ. ಒಳಗೆ ಹೋದ ಪಿಸ್ಟನ್ನಿಗೂ ಪ್ಯಾಡಿಗೂ ನಡುವೆ ಅಂತರವಿರುವುದರಿಂದ ಮೊದಲ ಕೆಲವು ಒತ್ತು ನೆಲ ಮುಟ್ಟುತ್ತವೆ, ಬ್ರೇಕ್ ಹಿಡಿಯುವುದೇ ಇಲ್ಲ. ಇದನ್ನು ಮರೆತು ರಿವರ್ಸ್ ಹಾಕಿದರೆ ಮನೆಯ ಗೇಟು ಉಳಿಯುವುದು ಕಷ್ಟ, ಹಿಂದೆ ಮಗು ನಿಂತಿದ್ದರೆ ಹೇಳುವುದೇ ಬೇಡ. ಪೆಡಲ್ ಗಟ್ಟಿಯಾದ ಮೇಲೆ ಆಯಿಲ್ ಮಟ್ಟ ನೋಡಿ, ಖಾಲಿ ರಸ್ತೆಯಲ್ಲಿ 50 ಕಿ.ಮೀ.ನಿಂದ 10 ಕಿ.ಮೀ.ಗೆ ಎಂಟು ಹತ್ತು ಸಲ ಮೆತ್ತಗೆ ವೇಗ ಇಳಿಸಿ. ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಇದು ಬೇಕು. ಮೊದಲ ದಿನವೇ ಲೋಡ್ ಹಾಕಿ ಘಟ್ಟಕ್ಕೆ ಹೋಗಬೇಡಿ.

ಎಷ್ಟು ಒತ್ತಿದರೂ ಪೆಡಲ್ ಸ್ಪಂಜಿನಂತೆ ಮೆದುವಾಗಿಯೇ ಇದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಎಂದರ್ಥ. ಪಿಸ್ಟನ್ ಒಳಗೆ ಹೋಗದಿದ್ದರೆ, ಅದರ ರಬ್ಬರ್ ಅಂಚು ಹರಿದಿದ್ದರೆ ಅಥವಾ ಡಿಸ್ಕ್ ಅದರ ಮೇಲೆಯೇ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ತೆಳುವಾಗಿದ್ದರೂ ಗಾಡಿಯನ್ನು ಅಲ್ಲೇ ಬಿಟ್ಟು ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.