ಗಂಗಾಮೂಲದಿಂದ ಕೇಡಗಾಂವ್‌ಗೆ: ಪಂಡಿತಾ ರಮಾಬಾಯಿ ಇಗರ್ಜಿಗೆ ಕೇಳಿದ ಪ್ರಶ್ನೆ



ಮುಂಬಯಿ, ಪುಣೆಯಿಂದ ಗುಲ್ಬರ್ಗ, ರಾಯಚೂರು ಕಡೆಗೆ ರೈಲು ಹತ್ತುವ ಕನ್ನಡಿಗರಿಗೆ ದೌಂಡ್ ಜಂಕ್ಷನ್ ಚಿರಪರಿಚಿತ. ಅದಕ್ಕೂ ಸ್ವಲ್ಪ ಮೊದಲು ಕೇಡಗಾಂವ್ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಕಿಟಕಿಯ ಪಕ್ಕ ಕೂತವರೂ ಅದನ್ನು ಗಮನಿಸುವುದು ಕಡಿಮೆ. ಆದರೆ ಆ ಊರಿಗೂ ನಮ್ಮ ಮಲೆನಾಡಿಗೂ ಒಂದು ಹಳೆಯ ನಂಟಿದೆ. ಆ ನಂಟಿನ ಹೆಸರು ಪಂಡಿತಾ ರಮಾಬಾಯಿ.

ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಂಗಸಿಗೆ ದೇವಭಾಷೆಯೇ ಎಂದು ವಿರೋಧ ಬಂದಾಗ ಸಂಸಾರ ಸಮೇತ ಗಂಗಾಮೂಲದ ಕಾಡು ಸೇರಿದರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಆ ಜಾಗದಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು. ತಾಯಿಯೇ ಅವಳ ಗುರು. ಮುಂದೆ ಈ ಕುಟುಂಬ ಪುರಾಣ ಹೇಳುತ್ತಾ ದೇಶವೆಲ್ಲ ಅಲೆಯಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಎಲ್ಲರೂ ತೀರಿಕೊಂಡರು. ಅಣ್ಣ ಶ್ರೀನಿವಾಸನೊಡನೆ ನಡೆಯುತ್ತಲೇ 1878ರಲ್ಲಿ ಕಲ್ಕತ್ತ ತಲುಪಿದಾಗ ಅಲ್ಲಿನ ವಿದ್ವಾಂಸರು ಈ ಇಪ್ಪತ್ತರ ಹುಡುಗಿಯ ಪಾಂಡಿತ್ಯಕ್ಕೆ ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು.

1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಜಾತಿ, ಪ್ರಾಂತ ಮೀರಿ ಬಂಗಾಳಿ ವಕೀಲರೊಬ್ಬರನ್ನು ಮದುವೆಯಾದರು. 1882ರಲ್ಲಿ ಗಂಡನೂ ಕಾಲರಾಕ್ಕೆ ಬಲಿಯಾದಾಗ ಕೈಯಲ್ಲಿದ್ದದ್ದು ಪುಟ್ಟ ಮಗಳು ಮನೋರಮಾ ಮಾತ್ರ. ಆ ವರ್ಷವೇ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕು ಎಂದು ವಾದಿಸಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದರು. ವಾಂಟೇಜ್‌ನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿದ್ದಾಗ ಮಗಳೊಡನೆ ಕ್ರೈಸ್ತ ದೀಕ್ಷೆ ಪಡೆದರು. ಇಷ್ಟು ಕಥೆಯನ್ನು ಬಹಳ ಜನ ಬಲ್ಲರು. ಆಮೇಲಿನದು ಮಾತ್ರ ಹೆಚ್ಚು ಕಾಲ ಕೇಳಿಸಲೇ ಇಲ್ಲ.

ಒಬ್ಬ ಬ್ರಾಹ್ಮಣ ವಿದುಷಿ ತಮ್ಮ ಕಡೆ ಬಂದಳೆಂದು ಇಗರ್ಜಿಗೆ ಸಂತೋಷವೇನೋ ಆಯಿತು. ಆದರೆ ಬಂದವಳು ತಲೆ ತಗ್ಗಿಸಿ ಕೂರುವವಳಾಗಿರಲಿಲ್ಲ! ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ ಓದುತ್ತಿದ್ದಾಗ ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಪ್ರಸ್ತಾಪ ಬಂತು. ಭಾರತದಲ್ಲಿದ್ದ ಬಿಷಪ್ಪರು ಬೇಡವೆಂದರು. ಹೀಗೆ ಮಾಡಿದರೆ ತಾಯ್ನಾಡಿನಲ್ಲಿ ಆಕೆಯ ಹೆಸರು ಕೆಡುತ್ತದೆ ಎಂಬುದು ಅವರ ಕಾರಣ. ರಮಾಬಾಯಿಗೆ ಇದು ವಿಚಿತ್ರವಾಗಿ ಕಂಡಿತು. ತಾಯ್ನಾಡಿನ ಸಭೆಗಳಲ್ಲಿ ಗಂಡಸರ ಎದುರು ಶಾಸ್ತ್ರ ಮಾತಾಡಿ ಬಂದವರಲ್ಲವೇ ಅವರು?

ತ್ರಿತ್ವದ ಬಗ್ಗೆ, ಇಗರ್ಜಿಯ ಕಟ್ಟಳೆಗಳ ಬಗ್ಗೆ ಪ್ರಶ್ನೆ ಕೇಳಿದರು. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದರು. ಗುರುಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡಿನ್‌ಗೆ ಇದು ಅಹಂಕಾರವಾಗಿ ಕಂಡಿತು. ರಮಾಬಾಯಿಯ ಉತ್ತರ ಸರಳ: ಒಂದು ಪುರೋಹಿತ ವರ್ಗದ ನೊಗದಿಂದ ಕಷ್ಟಪಟ್ಟು ಕೊರಳು ಬಿಡಿಸಿಕೊಂಡವಳು ಇನ್ನೊಂದಕ್ಕೆ ಯಾಕೆ ಕೊಡಬೇಕು? ದೇವರ ಮಾತಿಗೆ ಬಾಗುತ್ತೇನೆ, ದೇವರ ಹೆಸರಿನಲ್ಲಿ ಮನುಷ್ಯರು ಹೊರಡಿಸುವ ಆಜ್ಞೆಗಲ್ಲ ಎಂಬುದು ಅವರ ನಿಲುವು. ಈ ಪತ್ರಗಳನ್ನು ಜೋಪಾನವಾಗಿ ಸಂಗ್ರಹಿಸಿಟ್ಟವರೂ ಅದೇ ಜೆರಾಲ್ಡಿನ್. ಆದರೆ ಅವು ಪುಸ್ತಕವಾಗಿ ಹೊರಬಂದದ್ದು 1977ರಲ್ಲಿ!

ಅಮೆರಿಕದಲ್ಲಿ ಹಣ ಕೂಡಿಸಿ 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. 1893ರಲ್ಲಿ ಮತಾಂತರದ ಆರೋಪ ಎದ್ದು ಅನೇಕ ಪಾಲಕರು ಮಕ್ಕಳನ್ನು ಬಿಡಿಸಿಕೊಂಡರು. ಹೀಗೆ ಊರಿನವರಿಗೆ ಅವರು ಅತಿಯಾದ ಕ್ರೈಸ್ತರು, ಇಗರ್ಜಿಗೆ ಸಾಲದಷ್ಟು ಕ್ರೈಸ್ತರು. ಎರಡೂ ಕಡೆಯ ಚರಿತ್ರೆಕಾರರು ಮರೆಯಲು ಇಷ್ಟು ಸಾಕಾಯಿತು.

ಮಾತಿಗೆ ಎಡೆ ಸಿಗದಿದ್ದಾಗ ರಮಾಬಾಯಿ ತಾವೇ ಎಡೆ ಮಾಡಿಕೊಂಡರು. ಅದೇ ಕೇಡಗಾಂವ್‌ನ ಮುಕ್ತಿ ಸದನ. 1896-97ರ ಮತ್ತು 1900ರ ಬರಗಳಲ್ಲಿ ಅನಾಥರಾದ ಹೆಣ್ಣುಮಕ್ಕಳನ್ನು ಕರೆತಂದರು; ಅಲ್ಲಿದ್ದವರ ಸಂಖ್ಯೆ ಸುಮಾರು 2000ಕ್ಕೆ ಮುಟ್ಟಿತು. ಹೊಲ, ಮಗ್ಗ, ಶಾಲೆ, ಅಚ್ಚುಕೂಟ ಎಲ್ಲದರಲ್ಲೂ ದುಡಿಯುವ ಕೈ ಹೆಂಗಸರದೇ. 1905ರಲ್ಲಿ ಅಲ್ಲಿ ಎದ್ದ ಪ್ರಾರ್ಥನೆಯ ಅಲೆಯಲ್ಲಿ ಹುಡುಗಿಯರೇ ತಂಡ ಕಟ್ಟಿಕೊಂಡು ಹಳ್ಳಿಗಳಿಗೆ ಬೋಧಿಸಲು ಹೋದರು. ಪೆಂಟೆಕೋಸ್ಟ್ ಚಳವಳಿಯ ಚರಿತ್ರೆ ಬಹುಕಾಲ 1906ರ ಲಾಸ್ ಏಂಜಲೀಸ್‌ನಿಂದಲೇ ಶುರುವಾಗುತ್ತಿತ್ತು. ಒಂದು ವರ್ಷ ಮೊದಲಿನ ಕೇಡಗಾಂವ್ ಯಾರಿಗೂ ನೆನಪಾಗಲಿಲ್ಲ. ಗುಲ್ಬರ್ಗದಲ್ಲೂ ರಮಾಬಾಯಿ 1912ರಲ್ಲಿ ಶಾಲೆ ತೆರೆದು ಮನೋರಮಾಗೆ ಅದರ ಹೊಣೆ ಕೊಟ್ಟರು.

ಅವರ ಕೊನೆಯ ದೊಡ್ಡ ಕೆಲಸ ಮರಾಠಿ ಬೈಬಲ್. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಣ್ಣುಮಗಳಿಗೂ ತಿಳಿಯುವ ಸರಳ ಮರಾಠಿಯಲ್ಲಿ ಮೂಲದಿಂದಲೇ ಅನುವಾದಿಸಿದರು. ಮೊಳೆ ಜೋಡಿಸಿ ಅಚ್ಚು ಹಾಕಿದವರು ಸದನದ ಹೆಂಗಸರು. 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಮುಚ್ಚಿದರು. ಪೂರ್ಣ ಬೈಬಲ್ 1924ರಲ್ಲಿ ಹೊರಬಂತು.

ಗಂಡುಮಕ್ಕಳಿಗೆ ಪಾಠ ಹೇಳಬೇಡ ಎಂದ ಆ ಇಂಗ್ಲೆಂಡಿನ ಇಗರ್ಜಿ ಇಂದು ಏಪ್ರಿಲ್ 30ನ್ನು ಆಕೆಯ ಸ್ಮರಣೆಗೆ ಮೀಸಲಿಟ್ಟಿದೆ. ಅಲ್ಲಿ ಮಹಿಳೆಯರು ಪಾದ್ರಿಗಳಾದದ್ದು 1994ರಲ್ಲಿ, ಬಿಷಪ್ ಆದದ್ದು 2015ರಲ್ಲಿ. ನಮ್ಮ ಚರ್ಚ್ ಆಫ್ ಸೌತ್ ಇಂಡಿಯಾ ಎರಡು ವರ್ಷ ಮೊದಲೇ, 2013ರಲ್ಲಿ, ಆಂಧ್ರದ ನಂದ್ಯಾಲಕ್ಕೆ ಪುಷ್ಪಲಲಿತಾ ಅವರನ್ನು ಬಿಷಪ್ ಮಾಡಿತು. ರೋಮನ್ ಕ್ಯಾಥೊಲಿಕರಲ್ಲಿ ಆ ಬಾಗಿಲು ಇನ್ನೂ ತೆರೆದಿಲ್ಲ.

ಕಾಡಿನಲ್ಲಿ ಲಕ್ಷ್ಮೀಬಾಯಿ ಮಗಳಿಗೆ ಹೇಳಿಕೊಟ್ಟ ಪಾಠ ಎಷ್ಟು ದೂರ ಹೋಯಿತು ನೋಡಿ! ಮುಂದಿನ ಬಾರಿ ಊರಿಗೆ ಹೊರಟಾಗ ದೌಂಡ್ ಬರುವ ಮೊದಲೇ ಒಮ್ಮೆ ಕಿಟಕಿಯಾಚೆ ನೋಡಿ. ಪಕ್ಕದಲ್ಲಿ ಮಗಳಿದ್ದರೆ ಅವಳಿಗೂ ಈ ಕಥೆ ಹೇಳಿ.