ಬರಹಕ್ಕೆ ತಡೆ: ಗಣಕದ ಕಡತವ್ಯವಸ್ಥೆಯಲ್ಲಿ ‘ಓದಲು ಮಾತ್ರ’ ಸ್ಥಿತಿಯ ಇತಿಹಾಸ

ಸರ್ವರ್ ಎಂದು ಕರೆಯಲ್ಪಡುವ ಸೇವಾಗಣಕವು ಯಾರ ಅಪ್ಪಣೆಯೂ ಇಲ್ಲದೆ, ಇದ್ದಕ್ಕಿದ್ದಂತೆ, ಬರಹವನ್ನು ಸ್ವೀಕರಿಸಲು ನಿರಾಕರಿಸುವುದುಂಟು. ಹಳೆಯ ಕಡತಗಳನ್ನು ಓದಬಹುದು. ಹೊಸದಾಗಿ ಒಂದಕ್ಷರವನ್ನೂ ಸೇರಿಸಲಾಗದು. ಇದನ್ನು ಯಂತ್ರದ ಕೇಡೆಂದೇ ಬಗೆದು, ಆದಷ್ಟು ಬೇಗ ತಡೆಯನ್ನು ಕಿತ್ತೊಗೆಯುವುದು ವಾಡಿಕೆಯಾಗಿದೆ. ಆದರೆ ಈ ನಿರಾಕರಣೆಗೆ ಸುಮಾರು ಅರ್ಧ ಶತಮಾನದ ಚರಿತ್ರೆಯುಂಟು. ಆ ಚರಿತ್ರೆಯನ್ನರಿಯದೆ ಕೈಗೊಳ್ಳುವ ಚಿಕಿತ್ಸೆಯು ರೋಗಕ್ಕಿಂತಲೂ ಅಪಾಯಕರವೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚೀ ಮೊದಲಾದವರ ಪ್ರಯತ್ನದಿಂದ ಯೂನಿಕ್ಸ್ ವ್ಯವಸ್ಥೆಯು ಹುಟ್ಟಿತು. ಅದರ ಕಡತವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತಕ್ಕೂ ಐನೋಡ್ ಎಂಬ ದಾಖಲೆಯಿರುತ್ತದೆ. ಕಡತದ ಗಾತ್ರ, ಒಡೆತನ, ಅದು ಡಿಸ್ಕಿನಲ್ಲಿರುವ ಎಡೆ ಇವೆಲ್ಲವೂ ಅಲ್ಲಿ ಉಂಟು. ಹೆಸರು ಮಾತ್ರ ಇಲ್ಲ. ಹೆಸರಿರುವುದು ಕೋಶದ ಪಟ್ಟಿಯಲ್ಲಿ. ಇಡೀ ವ್ಯವಸ್ಥೆಯ ಸಾರಾಂಶವು ಸೂಪರ್‌ಬ್ಲಾಕ್ ಎಂಬ ಮೂಲಪತ್ರದಲ್ಲಿ ಅಡಕವಾಗಿರುತ್ತದೆ. 1975ರ ಆರನೆಯ ಆವೃತ್ತಿಯ ವೇಳೆಗೇ ಒಂದು ಡಿಸ್ಕನ್ನು ‘ಓದಲು ಮಾತ್ರ’ ಎಂದು ಜೋಡಿಸುವ ಏರ್ಪಾಡಿದ್ದಿತು. ಆದರೆ ಅದು ಮನುಷ್ಯನು ಕೊಡುವ ಆಜ್ಞೆಯಾಗಿತ್ತು. ಬರೆಯಲಾಗದಂತೆ ಭದ್ರಪಡಿಸಿದ ಸಾಧನಗಳನ್ನು ಹೀಗೆಯೇ ಜೋಡಿಸಬೇಕಾಗಿತ್ತು. ಏಕೆಂದರೆ ಕಡತವನ್ನು ಓದಿದ ಮಾತ್ರಕ್ಕೆ ಓದಿದ ಕಾಲವನ್ನು ಯಂತ್ರವು ದಾಖಲಿಸುತ್ತಿತ್ತು. ಓದುವುದೂ ಒಂದು ಬಗೆಯ ಬರೆಯುವಿಕೆಯೇ ಆಗಿದ್ದಿತೆಂಬುದು ಗಮನಾರ್ಹ.

ವಿದ್ಯುತ್ತು ನಡುವೆ ಕಡಿದುಹೋದರೆ ಐನೋಡಿಗೂ ಕೋಶದ ಪಟ್ಟಿಗೂ ಹೊಂದಿಕೆ ತಪ್ಪುತ್ತಿತ್ತು. ಆ ಕಾಲದಲ್ಲಿ ಇದನ್ನು ಸರಿಪಡಿಸುವುದು ಬಿಡಿಬಿಡಿಯಾದ ಉಪಕರಣಗಳಿಂದ, ಬಲ್ಲವರ ಕೈಯಿಂದ ನಡೆಯುತ್ತಿದ್ದ ಕೆಲಸ. ಬೆಲ್ ಪ್ರಯೋಗಾಲಯದ ಕೋವಾಲ್ಸ್ಕಿಯವರು ರಚಿಸಿದ ಎಫ್‌ಎಸ್‌ಸಿಕೆ ಎಂಬ ತನಿಖಾಕ್ರಮವು ಇದನ್ನು ಒಂದು ಶಾಸ್ತ್ರದ ಮಟ್ಟಕ್ಕೇರಿಸಿತು. ಮುಂದೆ ಬರ್ಕಲಿಯ ಮೆಕ್ಯುಸಿಕ್ ಅವರು ತಮ್ಮ ವೇಗದ ಕಡತವ್ಯವಸ್ಥೆಗೆ ಅದನ್ನು ಅಳವಡಿಸಿದರು. ಆ ವ್ಯವಸ್ಥೆಯನ್ನು ಕುರಿತ ಪ್ರಬಂಧವು 1984ರಲ್ಲಿ ಪ್ರಕಟವಾಯಿತು. ಹೆಸರು ಕಳೆದುಕೊಂಡ ಕಡತಗಳನ್ನು ‘ಲಾಸ್ಟ್ ಅಂಡ್ ಫೌಂಡ್’ ಎಂಬ ಕೋಶದಲ್ಲಿ, ಬರಿಯ ಐನೋಡ್ ಸಂಖ್ಯೆಯನ್ನೇ ಹೆಸರಾಗಿಟ್ಟು, ಕಾಯ್ದಿರಿಸುವ ಪದ್ಧತಿಯು ಈ ಪರಂಪರೆಯದು.

ನಿರ್ಣಾಯಕವಾದ ತಿರುವು ಕಂಡುಬರುವುದು ಲಿನಕ್ಸಿನಲ್ಲಿ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರು ಇದನ್ನು ಹೊರತಂದಾಗ ಮಿನಿಕ್ಸಿನ ಕಡತವ್ಯವಸ್ಥೆಯನ್ನೇ ಎರವಲು ಪಡೆದಿದ್ದರು. ಅದರ ಮಿತಿ 64 ಮೆಗಾಬೈಟು, ಹೆಸರಿಗೆ 14 ಅಕ್ಷರ. 1993ರಲ್ಲಿ ರೆಮಿ ಕಾರ್ಡ್ ಮೊದಲಾದವರ ‘ಎಕ್ಸ್‌ಟ್2’ ಬಂದಿತು. ಇದರ ಸೂಪರ್‌ಬ್ಲಾಕಿನಲ್ಲಿ ವ್ಯವಸ್ಥೆಯು ಶುದ್ಧವಾಗಿದೆಯೇ, ದೋಷಯುಕ್ತವಾಗಿದೆಯೇ ಎಂಬುದು ನಮೂದಾಗುತ್ತಿತ್ತು. ಅಲ್ಲದೆ, ಒಳಗೆ ಅಸಂಗತಿ ಕಂಡಾಗ ಏನು ಮಾಡಬೇಕೆಂಬುದಕ್ಕೆ ಮೂರು ಮಾರ್ಗಗಳನ್ನು ವಿಧಿಸಲಾಯಿತು: ಲೆಕ್ಕಿಸದೆ ಮುಂದುವರಿಯುವುದು, ‘ಓದಲು ಮಾತ್ರ’ ಸ್ಥಿತಿಗೆ ಸರಿಯುವುದು, ಇಲ್ಲವೆ ಯಂತ್ರವನ್ನೇ ನಿಲ್ಲಿಸುವುದು. ಮನುಷ್ಯನ ಆಜ್ಞೆಯಾಗಿದ್ದುದು ಇಲ್ಲಿ ಯಂತ್ರದ ತೀರ್ಮಾನವಾಯಿತು. ಡೆಬಿಯನ್ ಮೊದಲಾದ ವಿತರಣೆಗಳ ಸ್ಥಾಪನಾಕ್ರಮವು ಮೂಲ ಕಡತವ್ಯವಸ್ಥೆಗೆ ಎರಡನೆಯ ಮಾರ್ಗವನ್ನೇ ಗೊತ್ತುಮಾಡಿತು.

ಸ್ಟೀಫನ್ ಟ್ವೀಡಿಯವರ ‘ಎಕ್ಸ್‌ಟ್3’ 2001ರಲ್ಲಿ ಲಿನಕ್ಸಿನ ತಿರುಳನ್ನು ಸೇರಿತು. ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಬರೆದು, ಆ ಬಳಿಕ ಸ್ವಸ್ಥಾನದಲ್ಲಿ ಬರೆಯುವುದು ಇದರ ಕ್ರಮ. 2008ರಲ್ಲಿ ಸ್ಥಿರವೆಂದು ಘೋಷಿತವಾದ ‘ಎಕ್ಸ್‌ಟ್4’ ಕೂಡ ಇದನ್ನೇ ಅನುಸರಿಸಿತು. ದಿನಚರಿಯನ್ನೇ ಬರೆಯಲಾಗದೆ ಹೋದರೆ, ಮುಂದಿನ ಯಾವ ಬರಹಕ್ಕೂ ಆಧಾರವಿಲ್ಲವಾಗುತ್ತದೆ. ಆಗ ವ್ಯವಸ್ಥೆಯು ಲೇಖನಿಯನ್ನು ಕೆಳಗಿಡುತ್ತದೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದು ಒಂದು ನಷ್ಟದಿಂದ. ಶಾಸನಗಳ ಅಚ್ಚುಪಡಿಗಳ ಛಾಯಾಚಿತ್ರಗಳನ್ನೂ ಅವುಗಳ ಟಿಪ್ಪಣಿಗಳನ್ನೂ ಇರಿಸಿದ್ದ ಸರ್ವರೊಂದು ಒಂದು ಮುಂಜಾನೆ ಬರಹವನ್ನು ನಿರಾಕರಿಸಿತು. ಅವಸರದಲ್ಲಿದ್ದ ನಾನು ಅದನ್ನು ಪುನರಾರಂಭಿಸಿದೆ. ತನಿಖಾಕ್ರಮವು ತಾನಾಗಿ ನಡೆದು ಎಲ್ಲವೂ ಸರಿಹೋದಂತೆ ಕಂಡಿತು. ನಾಲ್ಕು ದಿನ ಕೆಲಸ ಸಾಗಿತು; ಐದನೆಯ ದಿನ ಮತ್ತೆ ಅದೇ ತಡೆ. ಮೊದಲ ಸಲ ನಡೆದುದೇನೆಂದು ಹುಡುಕಿದರೆ ದಾಖಲೆಯೇ ಇರಲಿಲ್ಲ. ಕಾರಣ ಸ್ಪಷ್ಟ: ಬರಹ ನಿಂತ ಡಿಸ್ಕಿನಲ್ಲಿ ಆ ಬರಹ ನಿಂತ ಸುದ್ದಿಯನ್ನು ಬರೆಯುವುದಾದರೂ ಹೇಗೆ? ಆ ಸುದ್ದಿಯಿದ್ದುದು ತಿರುಳಿನ ತಾತ್ಕಾಲಿಕ ಸ್ಮೃತಿಯಲ್ಲಿ. ಪುನರಾರಂಭದಿಂದ ಅದನ್ನು ಅಳಿಸಿದವನು ನಾನೇ. ಪ್ರಾಥಮಿಕ ಆಕರವನ್ನು ಇತಿಹಾಸದ ಅಧ್ಯಾಪಕನೇ ನಾಶಮಾಡಿದಂತಾಯಿತು.

ಎರಡನೆಯ ಸಲ ಡಿಮೆಸೇಜ್ ಆಜ್ಞೆಯಿಂದ ಆ ಸ್ಮೃತಿಯನ್ನು ಓದಿ ಬೇರೊಂದು ಯಂತ್ರಕ್ಕೆ ನಕಲಿಳಿಸಿದೆವು. ‘ಓದಲು ಮಾತ್ರ’ ಎಂಬ ಸಾಲಿನ ಮೇಲೆ, ಡಿಸ್ಕಿನ ಒಂದೇ ಪ್ರದೇಶವನ್ನು ಓದಲಾಗದ ದೂರು ಮತ್ತೆ ಮತ್ತೆ ಕಾಣಿಸಿತು. ಸವೆದುಹೋದ ಡಿಸ್ಕಿನ ಮೇಲೆ ನಾಲ್ಕು ದಿನ ಬರೆದಿದ್ದೆವು. ಹಾಳಾದುದರಲ್ಲಿ ಹೆಚ್ಚಿನದು ಆ ನಾಲ್ಕು ದಿನಗಳ ಟಿಪ್ಪಣಿಗಳೇ. ಡಿಸ್ಕಿನ ಪೂರ್ಣ ಪ್ರತಿಯನ್ನು ತೆಗೆದು, ಎಫ್‌ಎಸ್‌ಸಿಕೆಯನ್ನು ಪ್ರತಿಯ ಮೇಲೆ ನಡೆಸಿದೆವು. ಕೆಲವು ಚಿತ್ರಗಳು ಬರಿಯ ಸಂಖ್ಯೆಗಳಾಗಿ ದೊರೆತುವು; ಅವು ದೊರೆತ ಊರು ತಿಳಿಯದ ಶಾಸನಗಳಂತೆ ಇಂದಿಗೂ ಹಾಗೆಯೇ ಉಳಿದಿವೆ.

ಇದರಿಂದ ಪರಿಹಾರದ ಅನುಕ್ರಮವು ತಾನಾಗಿ ಸಿದ್ಧಿಸುತ್ತದೆ. ಮೊದಲು ದೋಷದ ಸ್ವರೂಪವನ್ನು ಗುರುತಿಸಬೇಕು: ಲಿನಕ್ಸಿನಲ್ಲಿ 28ನೆಯ ದೋಷಸಂಖ್ಯೆಯು ಸ್ಥಳಾಭಾವವನ್ನೂ 30ನೆಯದು ‘ಓದಲು ಮಾತ್ರ’ ಸ್ಥಿತಿಯನ್ನೂ ಸೂಚಿಸುತ್ತವೆ, ಇವೆರಡೂ ಬೇರೆ. ಎರಡನೆಯದಾಗಿ, ತಿರುಳಿನ ಸಂದೇಶಗಳನ್ನು ಹೊರಗೆ ಕಾಪಿಡಬೇಕು. ತಡೆಯ ಸಾಲಿಗಿಂತ ಅದಕ್ಕೆ ಹಿಂದಿನ ಸಾಲುಗಳೇ ಮುಖ್ಯ. ಮೂರನೆಯದಾಗಿ, ಓದಲು ಸಾಧ್ಯವಿರುವಾಗಲೇ ಪ್ರತಿ ತೆಗೆಯಬೇಕು. ನಾಲ್ಕನೆಯದಾಗಿ, ಡಿಸ್ಕು, ತಂತಿ, ನಿಯಂತ್ರಕಗಳನ್ನು ಪರೀಕ್ಷಿಸಬೇಕು. ದೂರದ ಸಂಗ್ರಹವನ್ನು ನೆಚ್ಚಿದ ಕಲ್ಪಿತ ಯಂತ್ರಗಳಲ್ಲಿ, ಸಂಗ್ರಹವು ಉತ್ತರಿಸಲು ತಡಮಾಡಿದರೂ ಇದೇ ಫಲ ಬರುವುದುಂಟು. ಕಡತವ್ಯವಸ್ಥೆಯ ಜೋಡಣೆಯನ್ನು ಬಿಡಿಸಿ ತನಿಖೆ ನಡೆಸುವುದು ಕಟ್ಟಕಡೆಯ ಮಾತು. ಕಾರಣವನ್ನರಿಯದೆ ‘ಬರೆಯಲು ಸಮ್ಮತ’ ಎಂದು ಮರಳಿ ಜೋಡಿಸುವುದು ಸರ್ವಥಾ ಸಲ್ಲದು.

ಸಂದೇಹ ಬಂದಾಗ ಬರೆಯುವುದನ್ನು ನಿಲ್ಲಿಸಿ, ಇದ್ದುದನ್ನು ಓದಲು ಬಿಡುವ ಈ ನಿಯಮವನ್ನು ಯಂತ್ರಕ್ಕೆ ಕಲಿಸಿದವರು ಕಡತಗಳ ನಾಶವನ್ನು ಕಣ್ಣಾರೆ ಕಂಡವರು. ಆಕರಗಳೊಡನೆ ಬಾಳುವ ನಮಗೂ ಆ ನಿಯಮವು ಹೊರಗಿನದೇನಲ್ಲ.